ಹತ್ತರಿ ತಾಗಿದ ಬೆನ್ನು

ಮೂರನೆಯ ಬೆಣೆ ಅರ್ಧ ಇಳಿಯುತ್ತಿದ್ದ ಹಾಗೆ ದಿಮ್ಮಿ ಒಳಗಿನಿಂದ ಕೂಗಿತು.

"ನಿಲ್ಲಿಸಬೇಡ," ಎಂದ ಬಿಲ್ಲು ಮಾಡುವ ಅಜ್ಜ. "ಕೂಗಿದ ಮೇಲೆ ನಿಲ್ಲಿಸಿದ್ರೆ ತನಗೆ ಬೇಕಾದ ಕಡೆ ಸೀಳ್ಕೊಂಡು ಹೋಗುತ್ತೆ. ಹೊಡಿ."

ಬಡಗಿ ಹೊಡೆದ. ಕೊಡತಿಯ ಸದ್ದು ತಗಡಿನ ಸೂರಿಗೆ ಬಡಿದು ತಿರುಗಿ ಅವನ ಕಿವಿಗೇ ಬಂತು. ಇನ್ನೆರಡು ಪೆಟ್ಟಿಗೆ ದಿಮ್ಮಿ ಎರಡು ಹೋಳಾಗಿ ಬಿತ್ತು. ಹೋಳಾದ ರೀತಿ ನೋಡಿ ಅವನು ಕೊಡತಿ ಕೆಳಗಿಟ್ಟ. ಈ ತುದಿಯಲ್ಲಿ ನೆಟ್ಟಗೆ ಹೊರಟ ಸೀಳು ಆ ತುದಿ ತಲುಪುವಷ್ಟರಲ್ಲಿ ಮಗ್ಗುಲು ಬದಲಿಸಿತ್ತು. ಹಿಂಡಿ ಬಿಟ್ಟ ಒದ್ದೆ ಬಟ್ಟೆಯ ಹಾಗೆ ಒಳಗಿನ ಎಳೆಗಳೆಲ್ಲ ತಿರುಚಿಕೊಂಡಿದ್ದವು.

"ಭೇಷ್," ಎಂದ ಅಜ್ಜ. "ಬೆಳಗಿನಿಂದ ಮೂರು ದಿಮ್ಮಿ, ಮೂರೂ ಹುರಿ. ನಿನ್ನ ಕಣ್ಣು ಗುರಿ ತಪ್ಪೋದೇ ಇಲ್ಲ ಕಣಯ್ಯ. ರಾಶಿಯಲ್ಲಿ ಕೆಟ್ಟದ್ದು ಯಾವುದು ಅಂತ ಗೊತ್ತಾಗಬೇಕಾದ್ರೆ ನಿನ್ನನ್ನ ಕರೆಸಿದ್ರೆ ಸಾಕು."

"ಹೊರಗಿಂದ ನೆಟ್ಟಗಿತ್ತಲ್ಲ, ಅಜ್ಜ."

"ನೆಟ್ಟಗಿದ್ದದ್ದು ದಿಮ್ಮಿಯ ಮೈ. ತೊಗಟೆ ನೋಡು. ಗೀರುಗಳು ಹ್ಯಾಗೆ ಓರೆಯಾಗಿ ಹತ್ತಿವೆ, ಬಳ್ಳಿ ಕಂಬ ಸುತ್ತಿದ ಹಾಗೆ? ಒಳಗೆ ಏನಿದೆ ಅಂತ ಮರ ತೊಗಟೆ ಮೇಲೇ ಬರೆದಿಟ್ಟಿರುತ್ತೆ. ನೀನು ಓದ್ಲಿಲ್ಲ, ಅಷ್ಟೇ. ಇದು ಕುರ್ಚಿ ಕಾಲಿಗೆ ಸರಿ. ಬಿಲ್ಲಿಗಲ್ಲ."

ಬಡಗಿ ಗೋಡೆಯ ಗಡಿಯಾರ ನೋಡಿದ. ಎರಡು ದಾಟಿತ್ತು. ನಾಲ್ಕಕ್ಕೆ ತಂಗಿ ಬರುತ್ತಾಳೆ.

ಅವನಿಗೆ ಸುತ್ತಲಿನವರು ಇಟ್ಟಿದ್ದ ಹೆಸರು ಮಟ್ಟಗೋಲು. ಇಪ್ಪತ್ತೆರಡು ವರ್ಷ ಬೀರು, ಬಾಗಿಲು, ಮೇಜು ಮಾಡಿ ಮಾಡಿ, ಓರೆಕೋರೆ ಕಂಡರೆ ಅವನಿಗೆ ಮೈಮೇಲೆ ಇರುವೆ ಹರಿದ ಹಾಗೆ. ಯಾರದೇ ಮನೆಗೆ ಹೋಗಲಿ, ಅವರು ನೀರು ತಂದುಕೊಡುವುದರೊಳಗೆ ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡಿ ಕೂತಿರುತ್ತಿದ್ದ. "ಇವನನ್ನ ಮಲಗಿಸಬೇಕಾದ್ರೆ ಮೊದಲು ಮಂಚದ ನಾಲ್ಕು ಮೂಲೆ ಅಳೆದು ತೋರಿಸ್ಬೇಕು" ಎಂದು ತಂಗಿ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಅದು ಮೂರು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಎರಡೂ ಕಣ್ಣಿದ್ದವು.

ಬಲಗಣ್ಣು ಹೋದದ್ದು ಬಿಲ್ಲಿನಿಂದ. ಪಂದ್ಯದ ದಿನ, ಏಳನೆಯ ಬಾಣವನ್ನು ಗಲ್ಲದವರೆಗೆ ಎಳೆದು ಹಿಡಿದಿದ್ದಾಗ ಬಿಲ್ಲಿನ ಮೇಲಿನ ತೋಳು ಸಿಡಿದು ಅವಳ ಮುಖಕ್ಕೆ ಬಂತು. ಆ ಬಿಲ್ಲು ಮಾಡಿದವನು ಈ ಅಜ್ಜ; ಅವಳು ಅದನ್ನು ಮೈದಾನದವರಿಂದ ಕೊಂಡಿದ್ದಳು, ಇವನ ಮುಖ ನೋಡಿರಲಿಲ್ಲ. ಮರವೇ ಕೆಟ್ಟದ್ದು ಎಂದರು ಮನೆಯವರು. ಮುದುಕನಿಗೆ ಕಣ್ಣು ಮಂಜಾಗಿದೆ ಎಂದರು ಬಿಲ್ಲಿನ ಮೈದಾನದವರು. ಸೋದರಮಾವ ಈ ಶೆಡ್ಡಿನ ಮುಂದೆಯೇ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಬಯ್ದು ಬಂದ. ಬಡಗಿಯೂ ಹೂಂ ಎಂದಿದ್ದ, ನಂಬಿಯೇ ಎಂದಿದ್ದ. ಆಮೇಲೆ ಅಜ್ಜನ ಬಾಗಿಲಿಗೆ ಬಿಲ್ಲು ಕೇಳಿಕೊಂಡು ಯಾರೂ ಬರಲಿಲ್ಲ. ಮೂಲೆಯಲ್ಲಿ ಈಗ ರಾಶಿ ಬಿದ್ದಿರುವುದು ಗುದ್ದಲಿಯ ಕಾವು, ಕೊಡಲಿಯ ಕಾವು.

ಹೋದ ತಿಂಗಳು ತಂಗಿ ಹಿತ್ತಿಲಲ್ಲಿ ಒಂದು ಬಿದಿರ ಸೀಳಿಗೆ ದಾರ ಕಟ್ಟಿ, ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಎಳೆಯುತ್ತಿದ್ದಳು. ಇರುವ ಕಣ್ಣಿಗೆ ಹೊಂದುವ ಹಾಗೆ ಕೈ ಅದಲುಬದಲು. ಅಣ್ಣ ನೋಡಿದ್ದನ್ನು ಕಂಡು ದಾರ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣ, ನೀನೇ ನಂಗೊಂದು ಮಾಡಿಕೊಡು. ಬೇರೆಯವರ ಕೈಕೆಲಸ ನಾನು ಮುಖದ ಹತ್ರ ತರಲ್ಲ," ಎಂದಳು. ಬಡಗಿಗೆ ಆ ರಾತ್ರಿ ಖುಷಿಯಿಂದ ನಿದ್ದೆ ಬರಲಿಲ್ಲ. ಮರ ಮರವೇ ತಾನೇ, ಬೀರು ಮಾಡಿದ ಕೈಗೆ ಬಿಲ್ಲು ಯಾವ ಮಹಾ ಎಂದುಕೊಂಡು ಎರಡು ಮಾಡಿದ. ಎರಡೂ ಮೊಣಕಾಲಿನ ಮೇಲೇ ಮುರಿದವು. ಕೊನೆಗೆ, ಮುಖ ಎತ್ತಿ ನೋಡಲಾಗದ ಈ ಬಾಗಿಲನ್ನೇ ತಟ್ಟಿದ. ಅಜ್ಜ ಅವನನ್ನು ನಖಶಿಖಾಂತ ನೋಡಿ, ಏನೊಂದೂ ಕೇಳದೆ, "ಚಪ್ಪಲಿ ಬಿಡಬೇಡ, ಸಿಬಿರು ಇದೆ" ಎಂದಷ್ಟೇ ಹೇಳಿ ಒಳಗೆ ಕರೆದಿದ್ದ.

ಅದು ಆರು ದಿನದ ಹಿಂದೆ. ಮೂರನೆಯ ದಿನ ಅಜ್ಜ ಒಂದು ಹಳೇ ಬಿಲ್ಲನ್ನು ಬೆಳಕಿಗೆ ಹಿಡಿದು ಪಾಠ ಶುರು ಮಾಡಿದ. ಬಿಲ್ಲಿಗೆ ಹೊಟ್ಟೆಯಿದೆ, ಬೆನ್ನಿದೆ. ಎಳೆಯುವವರ ಕಡೆಗಿರುವುದು ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ. ಬಿಲ್ಲಿನ ಬೆನ್ನು ಅಂದರೆ ಅಂಥ ಒಂದೇ ಒಂದು ಸುತ್ತು, ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದ ಒಂದೇ ವರ್ಷ. ಅದು ಉಬ್ಬಿದ ಕಡೆ ಉಬ್ಬಬೇಕು, ತಗ್ಗಿದ ಕಡೆ ತಗ್ಗಬೇಕು. "ಏನು ಕೆತ್ತೋದಿದ್ರೂ ಹೊಟ್ಟೆ ಕಡೆಯಿಂದ. ಬೆನ್ನಿನ ಉಬ್ಬು ನೋಡೋಕೆ ಚೆನ್ನಾಗಿಲ್ಲ ಅಂತ ಯಾರಾದ್ರೂ ಹತ್ತರಿ ಹೊಡೆದು ನುಣುಪು ಮಾಡಿದ್ರೋ, ಬಿಲ್ಲು ಸತ್ತ ಹಾಗೆ. ಸತ್ತದ್ದು ಗೊತ್ತಾಗೋದು ಮಾತ್ರ ಆಮೇಲೆ."

ಬಡಗಿಗೆ ಆಗ ನೆನಪಾಯಿತು. ಪಂದ್ಯದ ಹಿಂದಿನ ಸಂಜೆ ತಂಗಿ ಬಿಲ್ಲನ್ನು ಅವನ ಕೆಲಸದ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು, ಹಿಡಿಗೆ ಸುತ್ತಿದ ಚರ್ಮ ಸಡಿಲವಾಗಿದೆ, ಬಿಗಿಮಾಡು ಎಂದು. ಚರ್ಮ ಬಿಗಿಮಾಡಿದ. ಆಮೇಲೆ, ಬೆನ್ನಿನ ಮೇಲೊಂದು ಕಡೆ ಬೆರಳ ಗೆಣ್ಣಿನಷ್ಟು ಉಬ್ಬು ಕಾಣಿಸಿತು. ತಂಗಿಯ ಬಿಲ್ಲು, ನಾಳೆ ಸಾವಿರ ಜನ ನೋಡುತ್ತಾರೆ. ಹತ್ತರಿ ತೆಗೆದುಕೊಂಡು ಎರಡೇ ಎರಡು ಸಲ ಎಳೆದ. ಎಣ್ಣೆ ಒರೆಸಿದ. ಬೆಳಿಗ್ಗೆ ಅವಳು ಬೆರಳಾಡಿಸಿ, "ಏನು ನುಣುಪಾಗಿದೆ ಅಣ್ಣ" ಎಂದು ಹಿಗ್ಗಿ ಹೋದಳು.

ನಾಲ್ಕು ದಿನದಿಂದ ಈ ಸಂಗತಿ ಅವನ ಗಂಟಲಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಜ್ಜನಿಗೆ ಹೇಳಬೇಕೆಂದು ಬೆಳಿಗ್ಗೆ ಬರುತ್ತಾನೆ, ಹೇಳದೆ ಸಂಜೆ ಹೋಗುತ್ತಾನೆ. ಆದರೆ ಇವತ್ತು ಹಾಗೆ ಮುಂದೂಡುವಂತಿಲ್ಲ. ಬಿಲ್ಲಿನ ಉದ್ದ ಎಳೆಯುವವರ ಮೈಯಿಂದಲೇ ತೆಗೆಯಬೇಕು, ದಾರ ಹಿಡಿದು, ನಿಲ್ಲಿಸಿ. ಅವಳು ಈ ಶೆಡ್ಡಿಗೆ ಬರಲೇಬೇಕು. "ಅವರ ಶೆಡ್ಡಿಗಾ?" ಎಂದು ಕೇಳಿ ಒಂದಿಡೀ ದಿನ ಮಾತು ಬಿಟ್ಟಿದ್ದವಳು ನಿನ್ನೆ, "ಬರ್ತೀನಿ. ಆ ಮನುಷ್ಯನ ಮುಖ ಒಂದ್ಸಲ ನೋಡ್ಬೇಕು," ಎಂದಿದ್ದಳು. ತಪ್ಪು ಮಾಡದ ಮುದುಕನನ್ನು ಅವಳು ಅವನೆದುರೇ ಬಯ್ಯುತ್ತಾಳೆ; ತಾನು ಪಕ್ಕದಲ್ಲಿ ದಾರ ಹಿಡಿದುಕೊಂಡು ನಿಂತಿರುತ್ತೇನೆ.

"ಅಜ್ಜ," ಎಂದ.

"ಅಟ್ಟ ಹತ್ತು," ಎಂದ ಅಜ್ಜ. "ಈ ಹಸಿ ದಿಮ್ಮಿ ಸೀಳಿದ್ದು ನಿನಗೆ ಪಾಠಕ್ಕೆ. ಬಿಲ್ಲಿಗೆ ಬೇಕಾದ್ದು ಒಣಗಿದ ಮರ. ಮೇಲೆ ಏಳು ಸೀಳು ಇವೆ, ನಾಲ್ಕು ವರ್ಷ ಒಣಗಿದವು. ಎಲ್ಲ ಹಿಪ್ಪುನೇರಳೆ. ಒಂದನ್ನ ಇಳಿಸ್ಕೊಂಡು ಬಾ. ನಾನು ಬಾಯಿ ಬಿಡಲ್ಲ, ನೀನು ಕೇಳಬಾರದು. ಮೊದಲ ಬಿಲ್ಲಿನ ಮರ ಮಾಡುವವನೇ ಆರಿಸ್ಬೇಕು. ಆರಿಸಿ ಇಳಿಸಿದ್ಮೇಲೆ ಬದಲಾಯಿಸೋ ಹಾಗಿಲ್ಲ."

"ತಪ್ಪು ಇಳಿಸಿದ್ರೆ?"

"ಅದನ್ನೇ ಕೆತ್ತಿ ಮುರಿದು, ಮುಂದಿನ ವರ್ಷ ಮತ್ತೆ ಏಣಿ ಹತ್ತು. ನಾನಿದ್ರೆ ನೋಡ್ತೀನಿ."

ಅಜ್ಜ ಬೆನ್ನು ತಿರುಗಿಸಿ ಕೂತು ಕೊಡಲಿಯ ಬಾಯಿಗೆ ಕಲ್ಲು ಹಿಡಿದ. ಸರ್, ಸರ್ ಎಂದು ಒಂದೇ ಹದದ ಸದ್ದು.

ಅಟ್ಟದ ಮೇಲೆ ತಗಡು ಕಾದು ಬೆವರು ಕಿತ್ತುಬರುತ್ತಿತ್ತು. ಏಳು ಸೀಳುಗಳು ಅಡ್ಡಪಟ್ಟಿಗಳ ಮೇಲೆ ಒಂದಕ್ಕೊಂದು ತಾಗದ ಹಾಗೆ ಮಲಗಿದ್ದವು. ತುದಿಗಳು ಬಿರಿಯದಿರಲೆಂದು ಬಳಿದ ಬಣ್ಣ ಸಿಪ್ಪೆಯಾಗಿ ಎದ್ದಿತ್ತು. ಬಡಗಿಯ ಕೈ ತಾನಾಗಿಯೇ ಮೂರನೆಯದಕ್ಕೆ ಹೋಯಿತು. ಅಂಚು ಅಂಚಿಗೆ ಸರಿಯಾಗಿ, ನೂಲು ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ಒಂದೇ ಕಣ್ಣಲ್ಲಿ ನೋಡುತ್ತಿದ್ದೇನೆ ಎಂದು ಹೊಳೆದು ಥಟ್ಟನೆ ಇಳಿಸಿದ.

ಅಜ್ಜ ಓದು ಎಂದಿದ್ದ. ಬಡಗಿ ಮೂರನೆಯ ಸೀಳನ್ನು ಸೂರಿನ ತೂತಿನಿಂದ ಬೀಳುವ ಬಿಸಿಲಿಗೆ ಹಿಡಿದು ಉಗುರಿನಿಂದ ಎಳೆ ಹುಡುಕಿದ. ಎಳೆ ಅಂಚಿನ ಜೊತೆ ಹೋಗುತ್ತಿರಲಿಲ್ಲ. ಮಧ್ಯದಲ್ಲಿ ಹೊರಟು ಗೇಣು ದೂರದಲ್ಲಿ ಅಂಚಿನಿಂದ ಹೊರಗೆ ಬಿದ್ದುಹೋಗುತ್ತಿತ್ತು. ಹತ್ತಿರ ಮೂಗು ತಂದು ನೋಡಿದ. ಗರಗಸದ ಹಲ್ಲಿನ ಮಾಸಿದ ಗೆರೆಗಳು. ಸೀಳಿದ ಮರವಲ್ಲ ಇದು, ಕೊಯ್ದ ಮರ. ಸೀಳಿದರೆ ಮರ ತನ್ನ ಎಳೆ ಹಿಡಿದು ಬಿಡಿಸಿಕೊಳ್ಳುತ್ತದೆ, ಗರಗಸ ಯಾವ ಎಳೆಯನ್ನೂ ಕೇಳದೆ ನೆಟ್ಟಗೆ ಹೋಗುತ್ತದೆ. ಮುದುಕ ಬೇಕೆಂದೇ ಇದನ್ನು ಇಟ್ಟಿದ್ದಾನೆ, ತನ್ನಂಥ ಮಟ್ಟಗೋಲಿಗೆಂದೇ.

ಉಳಿದ ಆರನ್ನು ಒಂದೊಂದಾಗಿ ಮಂಡಿಯ ಮೇಲೆ ಇಟ್ಟುಕೊಂಡ. ಒಂದಕ್ಕೆ ನಡುವೆ ಗಂಟು, ಹೆಬ್ಬೆರಳಷ್ಟು, ಸುತ್ತ ಕಪ್ಪು. ಒಂದನ್ನು ಗೆಣ್ಣಿನಿಂದ ಬಡಿದರೆ ಒಡಕು ಮಡಕೆಯ ಸದ್ದು, ಒಳಗೆಲ್ಲೋ ಬಿರುಕಿದೆ. ಎರಡರ ತುದಿಯಲ್ಲಿ ಸುತ್ತುಗಳು ಎಷ್ಟು ಒತ್ತಾಗಿದ್ದವೆಂದರೆ ಒಂದನ್ನು ಇನ್ನೊಂದರಿಂದ ಬಿಡಿಸುವುದೇ ಕಷ್ಟ. ಇನ್ನೊಂದು ಹಗುರ, ಒಂದು ಮಗ್ಗುಲಿಗೆ ಹುಳು ತಿಂದ ಪುಡಿ. ಕೊನೆಗೆ ಉಳಿದದ್ದು ಗೋಡೆ ಬದಿಯದು. ನೋಡಿದರೆ ಬಡಗಿಯಾದವನು ಒಲೆಗೆ ಹಾಕಬೇಕು, ಅಷ್ಟು ಡೊಂಕು. ಒಂದು ಕಡೆ ಮೆಲ್ಲಗೆ ಬಾಗಿ, ಮತ್ತೆ ಏನೋ ಮರೆತು ತಿರುಗಿ ಬಂದ ಹಾಗೆ ಈಚೆ ಬಾಗಿತ್ತು. ಆದರೆ ಎಳೆ ಅದರ ಜೊತೆಯಲ್ಲೇ ಬಾಗಿ ಜೊತೆಯಲ್ಲೇ ತಿರುಗುತ್ತಿತ್ತು, ಎಲ್ಲೂ ಕೈ ಬಿಡದೆ. ತುದಿಯ ಸುತ್ತುಗಳು ದಪ್ಪ, ಹಳದಿ, ಎಣಿಸಬಹುದಾದಷ್ಟು ಬಿಡಿ. ಬಡಿದ. ಕಂಚಿನ ಹಾಗೆ ಕೇಳಿಸಿತು.

ಅವನಿಗೆ ಸಂಕಟವಾದದ್ದು ಅದು ಒಳ್ಳೆಯ ಮರವೆಂದು ಗೊತ್ತಾದದ್ದಕ್ಕೆ. ಕೆಟ್ಟದ್ದನ್ನು ಆರಿಸಿ ಇಳಿಸಿದರೆ ಎಲ್ಲ ಮುಂದಿನ ವರ್ಷಕ್ಕೆ ಹೋಗುತ್ತದೆ. ಬಿಲ್ಲೂ ಇಲ್ಲ, ಅಳತೆಗೆ ತಂಗಿ ಇಲ್ಲಿ ನಿಲ್ಲುವುದೂ ಇಲ್ಲ. ಕೈ ಒಂದು ಕ್ಷಣ ಗಂಟಿನ ಸೀಳಿನ ಮೇಲೆ ಸುಳಿಯಿತು. ಆಮೇಲೆ ಡೊಂಕನ್ನೇ ಹೆಗಲಿಗೇರಿಸಿಕೊಂಡು ಇಳಿದ.

ಅಜ್ಜ ಕಲ್ಲು ಕೆಳಗಿಟ್ಟು ಸೀಳನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ, ತುದಿಗೆ ಉಗುಳು ಹಚ್ಚಿ ಸುತ್ತು ನೋಡಿದ. ತುಂಬಾ ಹೊತ್ತು ನೋಡಿದ.

"ಇಷ್ಟು ಡೊಂಕು ನಿನ್ನ ಕೈಗೆ ಬಂತಾ?"

"ಎಳೆ ತುಂಡಾಗಿಲ್ಲ."

"ಹೂಂ." ಅಜ್ಜನ ಮುಖದಲ್ಲಿ ನಗುವಿನಂಥದು ಬಂದು ಹೋಯಿತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಆ ಗಾದೆ ಕಟ್ಟಿದವನು ಬಿಲ್ಲು ನೋಡಿರಲಿಲ್ಲ ಕಣೋ. ಮರವಾಗಿಯೂ ಬಗ್ಗುತ್ತೆ. ಸತ್ತು ನಾಲ್ಕು ವರ್ಷ ಆದ್ಮೇಲೂ ಬಗ್ಗುತ್ತೆ. ಬಗ್ಗಿಸೋ ರೀತಿ ಇದೆ." ಸೀಳನ್ನು ಮೇಜಿನ ಮೇಲಿಟ್ಟ. "ಸರಿ. ಈಗ ಗೋಡೆಯಿಂದ ಸಾಮಾನು. ಐದೇ ಐದು. ಆರನೆಯದು ಬೇಕು ಅನ್ನಿಸಿದ್ರೆ ಕೈ ಕಟ್ಟಿಕೊಂಡು ಕೂರು."

ಮೂರಕ್ಕೆ ಇನ್ನು ಹತ್ತು ನಿಮಿಷ.

ಗೋಡೆಯ ಮೇಲೆ ಮೊಳೆಗಳಿಗೆ ತೂಗುಹಾಕಿದ್ದ ಸಾಮಾನುಗಳ ಸುತ್ತ ಬಣ್ಣದಿಂದ ಅವುಗಳದೇ ಆಕಾರ ಬರೆದಿತ್ತು. ಯಾವುದು ಎಲ್ಲಿಯದೆಂದು ಕತ್ತಲಲ್ಲೂ ತಿಳಿಯಬೇಕು. ಬಡಗಿ ಕೊಡಲಿ ತೆಗೆದ, ಒರಟು ಮರ ಇಳಿಸಲು. ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆಯುವ ಎರಡು ಹಿಡಿಯ ಕತ್ತಿ ತೆಗೆದ, ತೊಗಟೆ ಮತ್ತು ಹೊರಗಿನ ಸುತ್ತು ಬಿಡಿಸಲು. ಅರ ತೆಗೆದ, ಹೊಟ್ಟೆಯ ಕಡೆ ತೆಳುಮಾಡಲು. ಮೂರಾಯಿತು. ನಾಲ್ಕನೆಯದಕ್ಕೆ ಕೈ ಚಾಚಿದ.

"ಅದು ಯಾಕೆ?" ಎಂದ ಅಜ್ಜ ಹಿಂದಿನಿಂದ.

ಬಡಗಿ ನೋಡಿದ. ಅವನ ಕೈಯಲ್ಲಿ ಹತ್ತರಿಯಿತ್ತು. ಯಾವಾಗ ಮೊಳೆಯಿಂದ ಬಿಡಿಸಿದನೋ ಅವನಿಗೇ ಗೊತ್ತಿರಲಿಲ್ಲ.

"ಕೈ ಹೋಯ್ತು," ಎಂದ.

"ಕೈ ಹೋಗುತ್ತೆ. ಇಪ್ಪತ್ತು ವರ್ಷ ಹಿಡಿದ ಕೈ. ಕಳ್ಳನಿಗೂ ಹಾಗೇ ಹೋಗುತ್ತೆ." ಅಜ್ಜ ಮಾಮೂಲು ದನಿಯಲ್ಲೇ ಹೇಳಿದ. ಬಡಗಿ ಮಾತ್ರ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಹತ್ತರಿಯನ್ನು ಬೆನ್ನ ಹಿಂದೆ ಮಾಡಿದ. ಆಮೇಲೆ ಅದನ್ನು ಅದರ ಆಕಾರದೊಳಗೆ ಸರಿಯಾಗಿ ತೂಗುಹಾಕಿ, ಕೆರೆಯುವ ಉಕ್ಕಿನ ತಗಡು ತೆಗೆದ. ಅಳತೆಯ ದಾರ ತೆಗೆದ. ಐದಾಯಿತು.

"ಅಜ್ಜ, ಒಂದು ಮಾತು ಹೇಳ್ಬೇಕು."

"ತಾಳು. ಕೊನೆಯ ಪಾಠ ಒಂದಿದೆ."

ಅಜ್ಜ ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಗೋಣಿ ಸುತ್ತಿದ ಗಂಟೊಂದನ್ನು ತೆಗೆದು ಬಿಚ್ಚಿದ. ಒಂದು ಬಿಲ್ಲಿನ ಎರಡು ತುಂಡು. ಹಿಡಿಗೆ ಸುತ್ತಿದ ಕಂದು ಚರ್ಮ, ಅಂಚಿನಲ್ಲಿ ಅಡ್ಡಹೊಲಿಗೆ. ಹೊಲಿಗೆ ಬಡಗಿಯದು.

"ಮೈದಾನದ ಕಾವಲುಗಾರ ತಂದುಕೊಟ್ಟ, ಗುಡಿಸುವಾಗ ಸಿಕ್ತು ಅಂತ," ಎಂದ ಅಜ್ಜ. "ನೋಡು. ಎಲ್ಲಿ ಕೆಟ್ಟಿದೆ ಹೇಳು."

ಬಡಗಿ ಮುಟ್ಟಲಿಲ್ಲ. ಮುಟ್ಟದೆಯೇ ಕಾಣುತ್ತಿತ್ತು. ಬೆನ್ನಿನ ಮೇಲೆ ಎರಡು ಬೆರಳಗಲದ ಚಪ್ಪಟೆ ಜಾಗ, ಎಣ್ಣೆ ಕುಡಿದು ಹೊಳೆಯುತ್ತಿದೆ. ಅಲ್ಲಿ ಹಳದಿ ಸುತ್ತು ತೆಳುವಾಗುತ್ತ ಹೋಗಿ ಇಲ್ಲವಾಗಿ, ಕೆಳಗಿನ ಸುತ್ತು ಬಾದಾಮಿ ಆಕಾರದಲ್ಲಿ ಇಣುಕಿದೆ. ಮರ ಸಿಡಿದದ್ದು ಆ ಬಾದಾಮಿಯ ಅಂಚಿನಿಂದ. ಚಪ್ಪಟೆ ಜಾಗದ ಉದ್ದಕ್ಕೂ ಕೂದಲೆಳೆಯಷ್ಟು ಎತ್ತರದ ಒಂದು ಗೆರೆ. ಅವನ ಹತ್ತರಿಯ ಅಲಗಿಗೆ ಯಾವುದೋ ಹಳೇ ಬಾಗಿಲಿನ ಮೊಳೆ ತಾಗಿ ಮೂಲೆಯಲ್ಲಿ ಚಕ್ಕೆ ಎದ್ದಿತ್ತು, ಮಸೆದರೂ ಹೋಗಿರಲಿಲ್ಲ. ಆ ಅಲಗು ಹೋದಲ್ಲೆಲ್ಲ ಈ ಗೆರೆ ಬಿಡುತ್ತಿತ್ತು. ಊರ ಅರ್ಧ ಬೀರುಗಳ ಮೇಲೆ ಈ ಗೆರೆಯಿದೆ.

"ಬೆನ್ನಲ್ಲಿ," ಎಂದ.

"ಏನಾಗಿದೆ ಬೆನ್ನಿಗೆ?"

"ಸುತ್ತು ಕಡಿದಿದೆ."

"ತಾನಾಗಿ ಕಡೀತಾ?"

ಬಡಗಿ ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಗೇಟಿನ ಚಿಲಕ ಸದ್ದಾಯಿತು. ನಾಲ್ಕಕ್ಕೆ ಬರುತ್ತೇನೆ ಎಂದವಳು ಮುಕ್ಕಾಲು ಗಂಟೆ ಮೊದಲೇ ಬಂದಿದ್ದಳು.

"ಅಣ್ಣ," ಎಂದು ಬಾಗಿಲಲ್ಲೇ ನಿಂತಳು. ಬಲಗಡೆ ಏನಿದೆ ಎಂದು ನೋಡಲು ಇಡೀ ಕುತ್ತಿಗೆ ತಿರುಗಿಸಿ, ಮೊದಲು ಹೊಸ್ತಿಲು, ಆಮೇಲೆ ಸೀಳಿ ಬಿದ್ದಿದ್ದ ದಿಮ್ಮಿಗಳು, ಕೊನೆಗೆ ಅಜ್ಜನನ್ನು ನೋಡಿದಳು. "ಮನೇಲಿ ಕೂತ್ರೆ ಬರೋದೇ ಬೇಡ ಅನ್ನಿಸ್ತಿತ್ತು. ಅದಕ್ಕೇ ಬೇಗ ಹೊರಟೆ."

"ಬಾಮ್ಮ," ಎಂದ ಅಜ್ಜ. "ಎಡಗಡೆಯಿಂದ ಬಾ, ಅಲ್ಲಿ ದಾರಿ ಚೊಕ್ಕ ಇದೆ."

"ನಂಗೆ ಕಾಣುತ್ತೆ."

"ಕಾಣುತ್ತೆ ಅಂತಲೇ ಹೇಳಿದ್ದು. ಕಾಣದವರಿಗೆ ಕೈ ಹಿಡೀತಿದ್ದೆ."

ಅವಳ ತುಟಿಯ ಒಂದು ಕೊನೆ ಅಲುಗಿತು, ಅಷ್ಟೇ. ಒಳಗೆ ಬಂದು ಮೇಜಿನ ಮುಂದೆ ನಿಂತಳು. ಅಜ್ಜ ಸ್ಟೂಲು ಸರಿಸಿದ; ಕೂರಲಿಲ್ಲ. ಗೋಣಿಯ ಮೇಲಿನ ತುಂಡುಗಳು ಅವಳ ಬಲಗಡೆಗಿದ್ದವು. ಬಡಗಿ ಗೋಣಿಯ ಅಂಚು ಹಿಡಿದು ಮುಚ್ಚಲು ಹೋದ. ಆ ಚಲನೆಗೇ ಅವಳು ತಿರುಗಿದಳು.

"ಇದು ನಂದು," ಎಂದಳು.

ಅವಳು ಮೇಲಿನ ತುಂಡನ್ನು ಎತ್ತಿಕೊಂಡಳು. ದೂರ ಸರಿಯಾಗಿ ಅಂದಾಜಾಗದೆ ಮೊದಲು ಬೆರಳು ಮೇಜಿಗೆ ತಾಗಿ, ಆಮೇಲೆ ಮರ ಸಿಕ್ಕಿತು.

"ಮೂರು ವರ್ಷದಿಂದ ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ," ಎಂದಳು ಅಜ್ಜನಿಗೆ. "ಎಂಥ ಮರ ಹಾಕಿದ್ರಿ ಇದಕ್ಕೆ?"

"ಮರ ಒಳ್ಳೇದೇ ಇತ್ತಮ್ಮ."

"ಹಾಗಾದ್ರೆ ನಿಮ್ಮ ಕೈ."

ಅಜ್ಜ ತನ್ನ ಎರಡೂ ಕೈಗಳನ್ನು, ಬೇರೆ ಯಾರವೋ ಎಂಬಂತೆ, ನೋಡಿಕೊಂಡ. ಬಡಗಿಯ ಕಡೆಗೆ ತಪ್ಪಿಯೂ ನೋಡಲಿಲ್ಲ.

"ಕೈ ಅಂತಲೇ ಇಟ್ಕೋ," ಎಂದ.

ಬಡಗಿಗೆ ಆಗ ಅರ್ಥವಾಯಿತು, ಮುದುಕನಿಗೆ ಎಲ್ಲ ಗೊತ್ತು. ಬಾಗಿಲು ತಟ್ಟಿದ ದಿನವೇ ಗೊತ್ತಿತ್ತು. ಈಗಲೂ ಒಂದು ದಾರಿ ಬಿಟ್ಟುಕೊಟ್ಟು ನಿಂತಿದ್ದಾನೆ. ಸುಮ್ಮನಿದ್ದರೆ ಸಾಕು, ದಾರ ಹಿಡಿದು ಅಳತೆ ತೆಗೆದು ಮನೆಗೆ ಹೋಗಬಹುದು. ಸುಮ್ಮನಿರುವುದು ಎಷ್ಟು ಸುಲಭವೆಂದರೆ ಅವನ ಕೈ ಆಗಲೇ ದಾರಕ್ಕೆ ಹೋಗಿತ್ತು. ಹತ್ತರಿಗೆ ಹೋದ ಹಾಗೆಯೇ.

"ಅವರ ಕೈ ಅಲ್ಲ," ಎಂದ. "ನಂದು."

"ಏನು ನಿಂದು?"

"ಹಿಂದಿನ ದಿನ ನನ್ನ ಹತ್ರ ಬಿಟ್ಟು ಹೋಗಿದ್ದೆಯಲ್ಲ. ಚರ್ಮ ಬಿಗಿಮಾಡೋಕೆ. ಬೆನ್ನಿನ ಮೇಲೆ ಉಬ್ಬು ಇತ್ತು. ಹತ್ತರಿ ಹೊಡೆದು ಸಮ ಮಾಡಿದೆ. ಹಾಗೆ ಮಾಡಬಾರದು. ಮಾಡಿದ್ರೆ ಸಿಡಿಯುತ್ತೆ. ನಂಗೆ ಗೊತ್ತಿರಲಿಲ್ಲ."

ತಂಗಿ ತುಂಡನ್ನು ಕೈಯಲ್ಲಿ ತಿರುಗಿಸಿದಳು. ಹೆಬ್ಬೆರಳು ಚಪ್ಪಟೆ ಜಾಗ ಕಂಡುಹಿಡಿದು ಅಲ್ಲಿ ನಿಂತಿತು.

"ಎಷ್ಟು ತೆಗೆದೆ?"

"ಎರಡು ಸಲ ಎಳೆದೆ. ಕಾಗದದಷ್ಟು ಬಂತು."

"ಯಾಕೆ?"

"ಕಣ್ಣಿಗೆ ಚುಚ್ತಿತ್ತು," ಎಂದ.

ಅವಳು ನಗಲಿಲ್ಲ, ಅಳಲೂ ಇಲ್ಲ. ಕಬ್ಬಿಣದ ಅಂಗಡಿಯಲ್ಲಿ ತಿರುಪುಮೊಳೆ ಕೇಳುವವಳ ಹಾಗೆ ಒಂದಾದ ಮೇಲೊಂದು ಕೇಳಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ನಾಲ್ಕು ದಿನ ಆಯ್ತು."

"ನಾಲ್ಕು ದಿನದಿಂದ ನನ್ನ ಜೊತೆ ಕೂತು ಊಟ ಮಾಡ್ತಿದ್ದೀಯ."

"ಹೂಂ."

"ನಿನ್ನೆ ನಾನು ಇವರಿಗೆ ಶಾಪ ಹಾಕ್ತಿದ್ದಾಗ ಹೂಂ ಅಂದೆಯಾ, ಸುಮ್ಮನಿದ್ದೆಯಾ?"

ಬಡಗಿ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. "ಹೂಂ ಅಂದೆ."

ಅವಳು ಅಜ್ಜನ ಕಡೆ ತಿರುಗಿದಳು. "ನಿಮಗೆ?"

"ತುಂಡು ಕೈಗೆ ಬಂದ ದಿನ," ಎಂದ ಅಜ್ಜ. "ಹತ್ತರಿ ಗೆರೆ ಯಾರು ಬೇಕಾದ್ರೂ ಗುರುತು ಹಿಡೀತಾರೆ. ನಿಮ್ಮ ಮನೇಲಿ ಬಡಗಿ ಇರೋದು ಒಬ್ಬನೇ."

"ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ. ನೀನು ಆಸ್ಪತ್ರೆಯಿಂದ ಬಂದ ವಾರ. ಕಿಟಕಿ ತೆರೆದಿತ್ತು. ನಿನ್ನ ಕಣ್ಣಿಗೆ ಕಟ್ಟು, ಇವನು ಪಕ್ಕದಲ್ಲಿ ಕೂತು ತುತ್ತು ತುತ್ತಾಗಿ ಉಣ್ಣಿಸ್ತಿದ್ದ. ಬಾಯಿ ತೆಗಿ, ಇನ್ನೊಂದು, ಇದೊಂದೇ ಅಂತ. ಕಿಟಕೀಲಿ ನಿಂತು ನೋಡ್ದೆ. ಕಣ್ಣು ಹೋಗಿದೆ, ಅಣ್ಣನೂ ಹೋಗೋದು ಬೇಡ ಅನ್ನಿಸ್ತು. ನನಗೆ ಎಪ್ಪತ್ತು ದಾಟಿದೆ. ಹೆಸರು ಇಟ್ಕೊಂಡು ನಾನೇನು ಮಾಡ್ಲಿ. ವಾಪಸ್ ಬಂದೆ."

"ನೀವು ನೀವೇ ಯೋಚನೆ ಮಾಡಿ, ನೀವು ನೀವೇ ವಾಪಸ್ ಬಂದ್ರಿ."

"ಹೌದಮ್ಮ."

"ಮೂರು ವರ್ಷ ನಾನು ಮಲಗೋಕೆ ಮುಂಚೆ ನಿಮ್ಮ ಮುಖ ನೆನೆಸ್ಕೊಳ್ತಿದ್ದೆ. ಹ್ಯಾಗಿದೆ ಅಂತಲೂ ಗೊತ್ತಿಲ್ಲದ ಮುಖ. ಈ ಮನುಷ್ಯನ ಎರಡೂ ಕಣ್ಣು ಹೋಗ್ಲಿ ಅಂತ ಕೇಳ್ಕೊಂಡೇ ಮಲಗ್ತಿದ್ದೆ." ಅವಳ ದನಿ ಏರಲಿಲ್ಲ. "ನನ್ನ ಕಣ್ಣು ಹ್ಯಾಗೆ ಹೋಯ್ತು ಅಂತ ಈ ಶೆಡ್ಡಿನ ಗೋಡೆಗೂ ಗೊತ್ತಿತ್ತು. ನನಗೊಬ್ಬಳಿಗೆ ಬಿಟ್ಟು."

ಬಡಗಿ ಒಂದು ಹೆಜ್ಜೆ ಮುಂದಿಟ್ಟ. ಅವಳು ಹಿಂದೆ ಸರಿಯಲಿಲ್ಲ, ತುಂಡನ್ನು ಇಬ್ಬರ ನಡುವೆ ಮೇಜಿನ ಮೇಲಿಟ್ಟಳು. ಅವನು ಅಲ್ಲೇ ನಿಂತ. ಏನಾದರೂ ಕೊಡಬೇಕು, ಈಗಲೇ ಕೊಡಬೇಕು ಎನ್ನಿಸಿತು ಅವನಿಗೆ. ಕೊಡಲು ಇದ್ದದ್ದು ಅಟ್ಟದಿಂದ ಇಳಿಸಿದ ಆ ಡೊಂಕು ಸೀಳು ಮಾತ್ರ.

"ನಾನು ಇದನ್ನ ಮುಟ್ಟಲ್ಲ," ಎಂದ. "ಆರಿಸಿದ್ದಷ್ಟೇ. ಅಜ್ಜ ಮಾಡ್ಲಿ. ನಾನು ಈ ಶೆಡ್ಡಿಗೇ ಬರಲ್ಲ."

"ಮರ ಒಳ್ಳೇದಮ್ಮ," ಎಂದ ಅಜ್ಜ. "ಹುಸಿ ಹೇಳ್ತಿಲ್ಲ. ಇದರಲ್ಲಿ ನಿನ್ನ ಬಿಲ್ಲಿದೆ. ನಾನೇ ಕೆತ್ತುತ್ತೀನಿ, ಬೆನ್ನನ್ನ ಬೆರಳಗಲ ಬೆರಳಗಲ ನಿನ್ನ ಕೈಯಿಂದ ಮುಟ್ಟಿಸಿ ಮುಂದಕ್ಕೆ ಹೋಗ್ತೀನಿ. ಮೊದಲ ನಲವತ್ತು ಎಳೆತ ನನ್ನ ಮುಖದ ಮುಂದೆ. ಆಮೇಲೆ ನಿನ್ನದು. ಬಾ, ಇಲ್ಲಿ ನಿಲ್ಲು." ಅಳತೆಯ ದಾರದ ಒಂದು ತುದಿಯನ್ನು ತನ್ನ ಬೆರಳಿಗೆ ಸುತ್ತಿಕೊಂಡು ಇನ್ನೊಂದು ತುದಿಯನ್ನು ಅವಳತ್ತ ಚಾಚಿದ. "ಹಿಡ್ಕೋ. ಎದೆ ಹತ್ರ ಹಿಡಿದು ಕೈ ನೀಡು, ಅಷ್ಟೇ."

ದಾರ ಇಬ್ಬರ ನಡುವೆ ಸಡಿಲವಾಗಿ ತೂಗಿತು. ಅವಳು ಅದರ ತುದಿಯನ್ನು ನೋಡಿದಳು. ಮೇಜಿನ ಮೇಲಿನ ಸೀಳನ್ನು ನೋಡಿದಳು. ಕುತ್ತಿಗೆ ಪೂರ್ತಿ ತಿರುಗಿಸಿ ಅಣ್ಣನನ್ನು ನೋಡಿದಳು. ಅವಳ ಎರಡೂ ಕೈ ಮೈಗಂಟಿಕೊಂಡೇ ಇದ್ದವು.

"ಬೇಡ," ಎಂದಳು.

"ಇವನು ಮಾಡೋದಲ್ಲಮ್ಮ, ನಾನು..."

"ಬೇಡ ಅಂದೆನಲ್ಲ. ಅವನದೂ ಬೇಡ, ನಿಮ್ಮದೂ ಬೇಡ. ನನ್ನಿಂದ ಮುಚ್ಚಿಟ್ಟವರ ಕೈಕೆಲಸ ನಾನು ಮುಖದ ಹತ್ರ ತರಲ್ಲ."